ಹಿಮನದಿಯ ಎದುರು ತಲೆಯೆಣಿಕೆ: ಚಿಕ್ಕ ಹಡಗಿನ ದೊಡ್ಡ ಲೆಕ್ಕ

ಕಾಫಿಗೆ ಬೆಲೆ ಬಂದ ವರ್ಷ ಮಲೆನಾಡಿನವರ ಪ್ರವಾಸವೂ ಉದ್ದವಾಗುತ್ತದೆ. ಕಾಶಿ, ರಾಮೇಶ್ವರದ ಕಾಲ ಕಳೆದು ಸಿಂಗಪುರ, ದುಬೈ ಬಂದವು. ಈಗ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯೂ ಅಲಾಸ್ಕದ ಹಿಮನದಿ ತೋರಿಸುವ ಹಡಗು ಪ್ರವಾಸದ ಕರಪತ್ರಗಳು ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿವೆ. ಅಲಾಸ್ಕದ ಋತು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ಕೊಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರು ಹಿಡಿಯುವ ಮುಂಚೆ ಸಿಗುವ ಬಿಡುವಿಗೆ ಅದು ಹೇಳಿ ಮಾಡಿಸಿದಂತಿದೆ. ಅಂಟಾರ್ಕ್ಟಿಕದ ಋತು ನವೆಂಬರ್‌ನಿಂದ ಮಾರ್ಚ್; ಹಣ್ಣು ಬಿಡಿಸಿ ಕಣದಲ್ಲಿ ಹರಡುವ ಹೊತ್ತಿನಲ್ಲಿ ಪೆಂಗ್ವಿನ್ ನೋಡಲು ಹೊರಡುವ ಬೆಳೆಗಾರರು ಕಡಿಮೆ.

ಕರಪತ್ರ ಓದಿದವರಿಗೆ ಒಂದೆರಡು ಗೊಂದಲ. ಹಿಂದಿನ ವರ್ಷದ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿದ್ದ ‘ಟ್ರೇಸಿ ಆರ್ಮ್’ ಎಂಬ ತಾಣ ಈ ವರ್ಷ ಹಲವು ಹಡಗುಗಳ ಪಟ್ಟಿಯಿಂದ ಮಾಯವಾಗಿ, ಅಲ್ಲಿ ‘ಎಂಡಿಕಾಟ್ ಆರ್ಮ್’ ಬಂದು ಕುಳಿತಿದೆ. ಸಾವಿರಾರು ಜನರ ದೊಡ್ಡ ಹಡಗಿಗೆ ಒಂದು ದರವಾದರೆ, ಎಂಬತ್ತು ನೂರು ಜನರ ಪುಟ್ಟ ಹಡಗಿಗೆ ಅದರ ಹಲವು ಪಟ್ಟು ದರ. ದುಬಾರಿಯಾದದ್ದರ ಮೇಲೆಯೇ ‘ಪರಿಸರಸ್ನೇಹಿ’ ಎಂಬ ಮುದ್ರೆ. ಇತ್ತ ಊರಿನಲ್ಲಿ ಮುಳ್ಳಯ್ಯನಗಿರಿಗೆ ಹೋಗಲು ಮುಂಗಡ ನೋಂದಣಿ, ಪಾಳಿ, ವಾಹನಗಳಿಗೆ ಮಿತಿ. ಇವು ಬೇರೆ ಬೇರೆ ಸುದ್ದಿಗಳಂತೆ ಕಾಣುತ್ತವೆ. ಬಿಡಿಸುತ್ತ ಹೋದರೆ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಒಂದು ಜಾಗ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ, ಆ ಲೆಕ್ಕವನ್ನು ಯಾವ ಜಾಗದಲ್ಲಿ ನಿಂತು ಮಾಡಬೇಕು?

ಟ್ರೇಸಿ ಆರ್ಮ್‌ನಲ್ಲಿ ಆದದ್ದು

ಅಲಾಸ್ಕದ ರಾಜಧಾನಿ ಜುನೋದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿರುವ ಟ್ರೇಸಿ ಆರ್ಮ್ ಒಂದು ಫಿಯೋರ್ಡ್. ಹಿಂದೆ ಹಿಮನದಿ ಕೊರೆದ ಆಳ ಕಣಿವೆಯೊಳಕ್ಕೆ ಸಮುದ್ರ ನುಗ್ಗಿ ನಿಂತರೆ ಅದು ಫಿಯೋರ್ಡ್. ಎರಡೂ ಬದಿ ಗೋಡೆಯಂತೆ ಎದ್ದ ಬಂಡೆ, ನಡುವೆ ಕಿರಿದಾದ ನೀರಿನ ದಾರಿ, ಅದರ ತುದಿಯಲ್ಲಿ ಉತ್ತರ ಮತ್ತು ದಕ್ಷಿಣ ಸಾಯರ್ ಎಂಬ ಜೋಡಿ ಹಿಮನದಿಗಳು.

2025ರ ಆಗಸ್ಟ್ 10ರ ಬೆಳಗಿನ ಜಾವ, ಸುಮಾರು ಐದೂವರೆಗೆ, ದಕ್ಷಿಣ ಸಾಯರ್ ಹಿಮನದಿಯ ಬಾಯಿಯ ಬಳಿ ಗುಡ್ಡದ ಒಂದು ಭಾಗ ಕುಸಿದು ನೀರಿಗೆ ಬಿತ್ತು. ಎದ್ದ ಅಲೆ ಎದುರು ಗೋಡೆಯ ಮೇಲೆ 450 ಮೀಟರಿಗೂ ಎತ್ತರಕ್ಕೆ ಹತ್ತಿ, ಗಿಡ ಮರಗಳನ್ನು ಕಿತ್ತು, ಬೋಳು ಬಂಡೆ ಉಳಿಸಿಹೋಯಿತು. ಈ ಎತ್ತರ ಎಷ್ಟೆಂದು ಅಂದಾಜಿಸಲು ಹಾಸನ ಜಿಲ್ಲೆಯವರಿಗೆ ಶ್ರವಣಬೆಳಗೊಳ ಸಾಕು. ಬರಿಗಾಲಿನಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಡುವ ವಿಂಧ್ಯಗಿರಿ ನೆಲದಿಂದ ಸುಮಾರು 470 ಅಡಿ, ಎಂದರೆ 143 ಮೀಟರ್. ಅಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಅಲೆಯ ಗುರುತು ಅದಕ್ಕಿಂತ ಮೇಲಿರುತ್ತದೆ. ಅಲಾಸ್ಕದಲ್ಲಿಯೇ 1958ರ ಜುಲೈನಲ್ಲಿ ಲಿಟುಯಾ ಕೊಲ್ಲಿಯಲ್ಲಿ ಎದ್ದ ಅಲೆ 524 ಮೀಟರ್ ಹತ್ತಿತ್ತು. ಅದಕ್ಕೆ ಭೂಕಂಪ ಕಾರಣ. ಇಲ್ಲಿ ದೊಡ್ಡ ಭೂಕಂಪವೇನೂ ಆಗಿರಲಿಲ್ಲ. ಗುಡ್ಡ ತಾನಾಗಿಯೇ ಬಿತ್ತು.

ಯಾರೂ ಸಾಯಲಿಲ್ಲ. ಫಿಯೋರ್ಡಿನ ಬಾಯಿಯ ಬಳಿ ದ್ವೀಪವೊಂದರಲ್ಲಿ ಡೇರೆ ಹಾಕಿದ್ದ ಕಯಾಕ್ ಯಾತ್ರಿಕರ ಸಾಮಾನುಗಳು ನೀರುಪಾಲಾದವು, ಅವರು ಪಾರಾದರು. ಆದರೆ ಹಡಗು ಕಂಪನಿಗಳ ನಿದ್ದೆ ಕೆಡಿಸಿದ್ದು ಗಡಿಯಾರ. ಇನ್ನು ಕೆಲವು ಗಂಟೆ ಕಳೆದಿದ್ದರೆ ಅದು ಪ್ರವಾಸಿ ಹಡಗುಗಳು ಹಿಮನದಿಯ ಮುಂದೆ ನಿಂತು ಜನ ಮೇಲಿನ ಡೆಕ್ಕಿಗೆ ಬಂದು ಫೋಟೊ ತೆಗೆಯುವ ಹೊತ್ತು. 2026ರ ಋತುವಿಗೆ ಹಲವು ದೊಡ್ಡ ಕಂಪನಿಗಳು ಟ್ರೇಸಿ ಆರ್ಮ್ ಕೈಬಿಟ್ಟು ಪಕ್ಕದ ಎಂಡಿಕಾಟ್ ಆರ್ಮ್, ಅದರ ತುದಿಯ ಡಾಸ್ ಹಿಮನದಿಯ ಕಡೆ ಮುಖ ತಿರುಗಿಸಿದ್ದರ ಹಿನ್ನೆಲೆ ಇಷ್ಟೆ.

ಇದನ್ನು ಸುರಕ್ಷಿತ ಬದಲಿ ಎಂದು ಕರೆಯುವುದು ಮಾತ್ರ ದುಡುಕು. ಎಂಡಿಕಾಟ್ ಕೂಡ ಫಿಯೋರ್ಡೇ, ಅಲ್ಲಿಯೂ ಕಡಿದಾದ ಬಂಡೆಗೋಡೆ, ಅಲ್ಲಿಯೂ ಹಿಂದೆ ಸರಿಯುತ್ತಿರುವ ಹಿಮನದಿ. ಒಂದು ಕಡೆ ಗುಡ್ಡ ಬಿದ್ದದ್ದು ಗೊತ್ತು, ಇನ್ನೊಂದು ಕಡೆ ಇನ್ನೂ ಬಿದ್ದಿಲ್ಲ. ಕರಪತ್ರದ ಬದಲಾವಣೆ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಗುಡ್ಡದ ಕಾಲು ತೆಗೆದರೆ

ಹಿಮ ಕರಗಿದರೆ ಗುಡ್ಡವೇಕೆ ಬೀಳಬೇಕು? ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಬಸ್ಸಿನೊಳಗೆ ಕುಳಿತು ಬೆಳಗು ಮಾಡಿದವರಿಗೆ ಇದರ ಅರ್ಧ ಉತ್ತರ ಗೊತ್ತು.

ಸಕಲೇಶಪುರದಾಚೆ ರಾಷ್ಟ್ರೀಯ ಹೆದ್ದಾರಿ 75ರ ಅಗಲೀಕರಣಕ್ಕೆ ಗುಡ್ಡದ ಬುಡವನ್ನು ನೆಟ್ಟಗೆ ಕಡಿದರು. ಇಳಿಜಾರಿನ ಮೇಲ್ಭಾಗದ ಮಣ್ಣು ನಿಂತಿರುವುದು ಕೆಳಭಾಗದ ಒತ್ತಾಸೆಯಿಂದ. ಬುಡ ಹೋದರೆ ಮೇಲಿನದಕ್ಕೆ ಊರುಗೋಲಿಲ್ಲ. ಮಳೆನೀರು ಇಳಿದು ಮಣ್ಣಿನ ಭಾರ ಹೆಚ್ಚಿ, ಕಣಗಳ ನಡುವಿನ ಹಿಡಿತ ಸಡಿಲಾದಾಗ ಗುಡ್ಡ ತನ್ನ ಕಾಲನ್ನು ಹುಡುಕಿಕೊಂಡು ರಸ್ತೆಗೆ ಬರುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಮಣ್ಣು ಮತ್ತೆ ಮತ್ತೆ ಕುಸಿದು ಬೆಂಗಳೂರು–ಮಂಗಳೂರು ಸಂಚಾರ ನಿಂತದ್ದು ಹೀಗೆ.

ಫಿಯೋರ್ಡಿನಲ್ಲಿ ಬುಡ ಕಡಿಯುವ ಕೆಲಸವನ್ನು ಜೆಸಿಬಿ ಮಾಡುವುದಿಲ್ಲ. ನೂರಾರು ಮೀಟರ್ ದಪ್ಪದ ಹಿಮ ಸಾವಿರಾರು ವರ್ಷ ಬಂಡೆಗೋಡೆಗೆ ಒರಗಿ ನಿಂತಿರುತ್ತದೆ. ಗೋಡೆಯನ್ನು ಕೊರೆದು ಕಡಿದಾಗಿಸಿದ್ದೂ ಅದೇ, ಬೀಳದಂತೆ ತಡೆದು ಹಿಡಿದಿದ್ದೂ ಅದೇ. ತಾಪಮಾನ ಏರಿ ಹಿಮ ತೆಳುವಾಗಿ ಹಿಂದೆ ಸರಿದಾಗ ಗೋಡೆಗೆ ಒರಗುವ ಆಸರೆ ಇಲ್ಲ. ಬಂಡೆಯ ಬಿರುಕುಗಳಲ್ಲಿ ನೀರು ಇಳಿಯುತ್ತದೆ. ಬಿರುಕಿನೊಳಗೆ ವರ್ಷಗಟ್ಟಲೆ ಹೆಪ್ಪುಗಟ್ಟಿ ಅಂಟಿನಂತೆ ಹಿಡಿದಿದ್ದ ಮಂಜು ಕರಗುತ್ತದೆ. ಒಂದು ದಿನ ಇಡೀ ಗೋಡೆ ಜಾರುತ್ತದೆ. ಶಿರಾಡಿಯಲ್ಲಿ ಕೆಳಗೆ ರಸ್ತೆ ಇರುತ್ತದೆ, ಇಲ್ಲಿ ಆಳವಾದ ನೀರು. ನೀರು ಅಲೆಯಾಗುತ್ತದೆ, ಕಿರಿದಾದ ಕಣಿವೆಯಲ್ಲಿ ಅಲೆಗೆ ಹರಡಿಕೊಳ್ಳಲು ಜಾಗವಿಲ್ಲದೆ ಮೇಲಕ್ಕೆ ಏರುತ್ತದೆ.

ಇದು ಒಂಟಿ ಘಟನೆಯಲ್ಲ. 2023ರ ಸೆಪ್ಟೆಂಬರ್ 16ರಂದು ಪೂರ್ವ ಗ್ರೀನ್‌ಲ್ಯಾಂಡಿನ ಡಿಕ್ಸನ್ ಫಿಯೋರ್ಡಿನಲ್ಲಿ ಇದೇ ರೀತಿ ಶಿಖರವೊಂದು ಬಿದ್ದು 200 ಮೀಟರ್ ಎತ್ತರದ ಅಲೆ ಎದ್ದಿತು. ಕಣಿವೆಯೊಳಗೆ ನೀರು ಒಂಬತ್ತು ದಿನ ಅತ್ತಿಂದಿತ್ತ ತೂಗಾಡಿ, ಆ ಕಂಪನ ಜಗತ್ತಿನ ಮೂಲೆಮೂಲೆಯ ಭೂಕಂಪಮಾಪಕಗಳಲ್ಲಿ ದಾಖಲಾಯಿತು. ಅದೂ ಪ್ರವಾಸಿ ಹಡಗುಗಳು ಓಡಾಡುವ ಪ್ರದೇಶವೇ. 2017ರಲ್ಲಿ ಪಶ್ಚಿಮ ಗ್ರೀನ್‌ಲ್ಯಾಂಡಿನ ನೂಗಾಟ್ಸಿಯಾಕ್ ಎಂಬ ಹಳ್ಳಿಯಲ್ಲಿ ಇಂಥದೇ ಅಲೆಗೆ ಸಿಕ್ಕಿ ನಾಲ್ವರು ಸತ್ತರು.

ಹೀಗಾಗಿ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ಹಿಮನದಿ ಕರಗಿ ಮುಗಿಯುವ ಮುನ್ನ ನೋಡಿಬಿಡೋಣ ಎಂದು ಜನ ಹೆಚ್ಚು ಹೆಚ್ಚು ಹೋಗುತ್ತಿದ್ದಾರೆ. ಕರಗುತ್ತಿರುವ ಜಾಗವೇ ಹೋಗಲು ಹೆಚ್ಚು ಅಪಾಯದ ಜಾಗ. ಚಿಕ್ಕ ಹಡಗಿನ ಹೆಗ್ಗಳಿಕೆಯೆಂದರೆ ದೊಡ್ಡ ಹಡಗು ನುಗ್ಗಲಾರದ ಇಕ್ಕಟ್ಟಿಗೂ ಅದು ನುಗ್ಗುತ್ತದೆ ಎಂಬುದು. ಅಪಾಯದ ಲೆಕ್ಕದಲ್ಲಿ ಆ ಹೆಗ್ಗಳಿಕೆಯೇ ತಿರುಗಿಬೀಳುತ್ತದೆ.

ಚಿಕ್ಕದು ಏಕೆ ದುಬಾರಿ

ಚಿಕ್ಕ ಹಡಗಿನ ದರಕ್ಕೆ ಪರಿಸರ ಕಾಳಜಿ ಕಾರಣವೆಂದು ಕರಪತ್ರ ಸೂಚಿಸುತ್ತದೆ. ನಿಜವಾದ ಕಾರಣಗಳು ಬೇರೆ ಇವೆ. ನಾವಿಕರು, ಅಡುಗೆಯವರು, ಇಂಧನ, ಬಂದರು ಶುಲ್ಕ ಎಲ್ಲವನ್ನೂ ನಾಲ್ಕು ಸಾವಿರ ಜನರ ಮೇಲೆ ಹಂಚುವುದು ಒಂದು. ನೂರು ಜನರ ಮೇಲೆ ಹಂಚುವುದು ಇನ್ನೊಂದು. ದೊಡ್ಡ ಹಡಗಿಗೆ ಅಂಗಡಿ, ಜೂಜುಕಟ್ಟೆ, ಮದ್ಯದಿಂದಲೂ ಆದಾಯವಿದೆ, ಟಿಕೆಟನ್ನು ಅಗ್ಗಕ್ಕೆ ಕೊಟ್ಟರೂ ನಡೆಯುತ್ತದೆ.

ಇದರ ಜೊತೆಗೆ 1886ರ ಒಂದು ಅಮೆರಿಕದ ಕಾಯ್ದೆ ಇದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ನೇರವಾಗಿ ಪ್ರಯಾಣಿಕರನ್ನು ಸಾಗಿಸುವಂತಿಲ್ಲ ಎಂಬುದು ಅದರ ಸಾರ. ದೊಡ್ಡ ಹಡಗುಗಳು ಬಹುತೇಕ ಬಹಾಮಾಸ್, ಪನಾಮದಂತಹ ಧ್ವಜ ಹಾರಿಸುವಂಥವು. ಆದ್ದರಿಂದಲೇ ಅಲಾಸ್ಕ ಯಾತ್ರೆ ಕೆನಡಾದ ವ್ಯಾಂಕೂವರ್ ಅಥವಾ ವಿಕ್ಟೋರಿಯಾವನ್ನು ಮುಟ್ಟಿಯೇ ಸಾಗುತ್ತದೆ. ನಮ್ಮವರಿಗೆ ಅಮೆರಿಕದ ವೀಸಾ ಜೊತೆಗೆ ಕೆನಡಾದ ವೀಸಾವನ್ನೂ ಕೇಳುವುದು ಇದಕ್ಕೇ. ಜುನೋದಿಂದ ಹೊರಟು ಅಲಾಸ್ಕದೊಳಗೇ ಸುತ್ತುವ ಪುಟ್ಟ ಹಡಗುಗಳು ಸಾಮಾನ್ಯವಾಗಿ ಅಮೆರಿಕದಲ್ಲಿಯೇ ಕಟ್ಟಿದವು, ಅಮೆರಿಕದ ಸಂಬಳ ಪಡೆಯುವ ನಾವಿಕರವು. ದರದ ದೊಡ್ಡ ಪಾಲು ಇಲ್ಲಿ ಹೋಗುತ್ತದೆ.

ಆ ಹಣಕ್ಕೆ ಏನು ಸಿಗುತ್ತದೆ? ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಹತ್ತು ಹನ್ನೆರಡು ಜನ ನೀರಿನ ಮಟ್ಟದಲ್ಲಿ ಕುಳಿತು ಮಂಜುಗಡ್ಡೆಗಳ ನಡುವೆ ಸಾಗುವ ಅವಕಾಶ. ಎಂಜಿನ್ ನಿಲ್ಲಿಸಿದರೆ ಸುತ್ತಲಿನ ನೀರು ಸಣ್ಣಗೆ ಚಟಪಟ ಎನ್ನುತ್ತದೆ, ಒಗ್ಗರಣೆಗೆ ಸಾಸಿವೆ ಬಿದ್ದಂತೆ. ನೂರಾರು ವರ್ಷ ಹಿಂದೆ ಬಿದ್ದ ಹಿಮದ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ, ಗಡ್ಡೆ ಕರಗುತ್ತಿದ್ದಂತೆ ಗುಳ್ಳೆಗಳಾಗಿ ಒಡೆಯುವ ಸದ್ದು ಅದು. ಹಿಮದ ಗೋಡೆ ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದಲ್ಲ. ಭಾರಕ್ಕೆ ಒತ್ತಿ ಗಟ್ಟಿಯಾದ ಮಂಜು ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಬಿಟ್ಟುಕೊಡುತ್ತದೆ. ಆ ಗೋಡೆಯಿಂದ ತುಂಡು ಕಳಚಿ ಬೀಳುವುದಕ್ಕೆ ಇಂಗ್ಲಿಷಿನಲ್ಲಿ ಹಸು ಕರು ಹಾಕುವುದಕ್ಕೆ ಇರುವ ಪದವೇ ಇದೆ. ಎರಡು ಮೂರು ಮಾಳಿಗೆಯಷ್ಟು ದೊಡ್ಡ ಕರು ಅದು. ಬಿದ್ದ ಮೇಲೆ ಬರುವ ಅಲೆಗೆ ಅಂಜಿ ದೋಣಿಗಳು ದೂರ ನಿಲ್ಲುತ್ತವೆ.

ಮಂಜುಗಡ್ಡೆಯ ಮೇಲಿನ ಬಾಣಂತಿ

ಹೀಗೆ ತೇಲುವ ಗಡ್ಡೆಗಳ ಮೇಲೆ ಮಲಗಿರುವ ಸೀಲ್‌ಗಳ ವಿಷಯದಲ್ಲಿ ಹಡಗಿನ ಗಾತ್ರದ ಚರ್ಚೆ ನಿಜಕ್ಕೂ ಬಿಗಿಯಾಗುತ್ತದೆ.

ಅಲಾಸ್ಕದ ಹಾರ್ಬರ್ ಸೀಲ್‌ಗಳು ಬೇಸಿಗೆಯ ಮೊದಲ ಭಾಗದಲ್ಲಿ, ಜೂನ್ ಆಸುಪಾಸಿನಲ್ಲಿ ಮರಿ ಹಾಕುತ್ತವೆ. ಹಿಮನದಿಯ ಬಾಯಿಯನ್ನು ಅವು ಆರಿಸಿಕೊಳ್ಳಲು ಕಾರಣವಿದೆ. ಗಡ್ಡೆಗಳು ದಟ್ಟವಾಗಿ ತೇಲುವಲ್ಲಿ ಬೇಟೆಯಾಡಲು ಬರುವ ಓರ್ಕಾ ತಿಮಿಂಗಿಲಗಳ ಕಾಟ ಕಡಿಮೆ; ನೆಲದ ಕರಡಿ, ತೋಳಗಳಿಗೆ ಅಲ್ಲಿಗೆ ದಾರಿಯಿಲ್ಲ. ಮರಿಗೆ ಒಂದು ತಿಂಗಳಷ್ಟೇ ಹಾಲು. ಅಷ್ಟರಲ್ಲಿ ಅದು ಮೈಯಲ್ಲಿ ಕೊಬ್ಬು ಕಟ್ಟಿಕೊಳ್ಳಬೇಕು. ಹಡಗು ಹತ್ತಿರ ಬಂದರೆ ತಾಯಿ ಗಾಬರಿಯಾಗಿ ನೀರಿಗೆ ಧುಮುಕುತ್ತದೆ, ಮರಿಯೂ ಹಿಂದೆಯೇ. ಮಂಜುನೀರಿನಲ್ಲಿ ಮೈ ಬಿಸಿ ಕಾಯ್ದುಕೊಳ್ಳಲು ಮರಿ ಆ ಕೊಬ್ಬನ್ನೇ ಸುಡಬೇಕು, ಹಾಲು ಕುಡಿಯುವ ಹೊತ್ತು ತಪ್ಪುತ್ತದೆ, ತಾಯಿ ಮರಿ ಅಗಲುವುದೂ ಉಂಟು. ನಮ್ಮ ಮನೆಗಳಲ್ಲಿ ಬಾಣಂತಿ ಕೋಣೆಗೆ ದಿನಕ್ಕೆ ಐದು ಸಲ ಅಪರಿಚಿತರು ಬಾಗಿಲು ತಳ್ಳಿಕೊಂಡು ಬಂದರೆ ಅಜ್ಜಿಯರು ಸುಮ್ಮನಿರುತ್ತಿದ್ದರೇ? ಗಡ್ಡೆಯ ಮೇಲೆ ಬಾಗಿಲು ಕಾಯುವ ಅಜ್ಜಿ ಇಲ್ಲ. ನಿಯಮವೇ ಆ ಕೆಲಸ ಮಾಡಬೇಕು.

ಗಡ್ಡೆಯ ಮೇಲಿನ ಸೀಲ್‌ಗಳಿಂದ 500 ಗಜ ದೂರವಿರಿ ಎಂಬುದು ಹಿಮನದಿ ಫಿಯೋರ್ಡ್‌ಗಳಿಗೆ ಅಲ್ಲಿನ ಅಧಿಕಾರಿಗಳು ಕೊಟ್ಟಿರುವ ಸಲಹೆ. ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ 100 ಗಜ, ಇದು ಕಾನೂನು. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದಲ್ಲಿ ಇನ್ನೂ ಕಟ್ಟುನಿಟ್ಟು: ಜಾನ್ಸ್ ಹಾಪ್ಕಿನ್ಸ್ ಎಂಬ ಒಳಕೊಲ್ಲಿಗೆ ಮೇ ಮತ್ತು ಜೂನ್‌ನಲ್ಲಿ ಯಾವ ದೋಣಿಗೂ ಪ್ರವೇಶವಿಲ್ಲ, ದೊಡ್ಡ ಪ್ರವಾಸಿ ಹಡಗುಗಳಿಗೆ ಆಗಸ್ಟ್ ಕೊನೆಯವರೆಗೂ ಬಾಗಿಲು ಮುಚ್ಚಿರುತ್ತದೆ.

ಗಮನಿಸಬೇಕಾದದ್ದು, ಸೀಲ್‌ಗೆ ಹಡಗಿನೊಳಗೆ ನಾಲ್ಕು ಸಾವಿರ ಜನರಿದ್ದಾರೋ ನಲವತ್ತು ಜನರಿದ್ದಾರೋ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ದೂರ, ಸದ್ದು ಮತ್ತು ಎಷ್ಟು ಸಲ ಬಂದಿರಿ ಎಂಬುದು. ದೊಡ್ಡ ಹಡಗೊಂದು ದೂರದಲ್ಲಿ ಒಮ್ಮೆ ಬಂದು ಹೋದರೆ ಆಗುವ ತೊಂದರೆಗಿಂತ, ಹತ್ತು ಚಿಕ್ಕ ಹಡಗುಗಳಿಂದ ಇಳಿದ ನಲವತ್ತು ರಬ್ಬರ್ ದೋಣಿಗಳು ಗಡ್ಡೆಗಳ ನಡುವೆ ಸುಳಿದಾಡುವುದರಿಂದ ಆಗುವ ತೊಂದರೆ ಹೆಚ್ಚೇ ಇರಬಹುದು. ‘ಚಿಕ್ಕ ಹಡಗು ಒಳ್ಳೆಯದು’ ಎಂಬ ಮಾತು ಇಲ್ಲಿ ಅರ್ಧಸತ್ಯವಾಗುತ್ತದೆ. ದೋಣಿ ನಡೆಸುವವನು ಎಂಜಿನ್ ಎಲ್ಲಿ ನಿಲ್ಲಿಸುತ್ತಾನೆ ಎಂಬುದರ ಮೇಲೆ ಉಳಿದರ್ಧ ನಿಂತಿದೆ.

ನೂರು ಜನ, ಆದರೆ ಯಾವಾಗ?

ಮಿತಿ ಹಾಕುವ ವಿಧಾನಗಳು ಜಾಗದಿಂದ ಜಾಗಕ್ಕೆ ಬೇರೆ.

ಗ್ಲೇಸಿಯರ್ ಬೇ ದಿನದ ಹಡಗುಗಳನ್ನು ಎಣಿಸುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡೇ ದೊಡ್ಡ ಹಡಗು, ಮೂರು ಮಧ್ಯಮ ಪ್ರವಾಸಿ ಹಡಗು, ಅದರ ಕೆಳಗಿನವುಗಳಿಗೂ ಸಂಖ್ಯೆ ಗೊತ್ತುಮಾಡಿದೆ. 1970ರ ದಶಕದ ಕೊನೆಯಲ್ಲಿ ಕೊಲ್ಲಿಯಿಂದ ಹಂಪ್‌ಬ್ಯಾಕ್‌ಗಳು ಕಡಿಮೆಯಾದಾಗ ಹಡಗುಗಳ ಮೇಲೆ ಅನುಮಾನ ಬಿದ್ದು ಶುರುವಾದ ನಿಯಂತ್ರಣ ಇದು.

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2025ರ ಜನವರಿ 1ರಿಂದ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ. ಅಲ್ಲಿ ಜನರನ್ನು ಇಳಿಸಲು 43 ತಾಣಗಳನ್ನಷ್ಟೇ ಗುರುತಿಸಿದ್ದಾರೆ. ಹಿಮಕರಡಿಯಿಂದ 300 ಮೀಟರ್, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್ ದೂರವಿರಬೇಕು. ಕರಡಿಯ ಕಣ್ಣಿನ ಹೊಳಪು ಹಿಡಿದ ಚಿತ್ರ ಬೇಕೆನ್ನುವ ಪ್ರವಾಸಿಗೆ ಇದು ಬೇಸರದ ಸುದ್ದಿ. 2018ರಲ್ಲಿ ಅಲ್ಲಿಯೇ ಪ್ರವಾಸಿ ಹಡಗಿನ ಕಾವಲುಗಾರನ ಮೇಲೆ ಎರಗಿದ ಕರಡಿಯನ್ನು ಗುಂಡಿಟ್ಟು ಕೊಂದ ಪ್ರಕರಣ ಜಗತ್ತಿನಾದ್ಯಂತ ಸಿಟ್ಟಿಗೆ ಕಾರಣವಾಗಿತ್ತು. ಕರಡಿ ಅಲ್ಲಿನ ನಿವಾಸಿ, ಬಂದವರು ಪ್ರವಾಸಿಗರು.

ಅಂಟಾರ್ಕ್ಟಿಕದ ಲೆಕ್ಕ ಇನ್ನೊಂದು ಬಗೆ, ಮತ್ತು ಅದರಲ್ಲಿಯೇ ಒಂದು ತೂತಿದೆ. ಅಲ್ಲಿ 500ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಯಾರನ್ನೂ ಇಳಿಸುವಂತಿಲ್ಲ. ಒಂದು ತಾಣದಲ್ಲಿ ಒಂದು ಹೊತ್ತಿಗೆ 100 ಜನರಷ್ಟೇ ಇರಬಹುದು. ಪ್ರವಾಸ ಸಂಸ್ಥೆಗಳು 1991ರಲ್ಲಿ ಕಟ್ಟಿಕೊಂಡ ಒಕ್ಕೂಟದಿಂದ ಬೆಳೆದು ಬಂದ ಈ ಪದ್ಧತಿಯನ್ನು 2009ರಲ್ಲಿ ಅಂಟಾರ್ಕ್ಟಿಕ ಒಪ್ಪಂದದ ದೇಶಗಳೂ ಅಂಗೀಕರಿಸಿದವು. ಬೂಟು ತೊಳೆದು ಇಳಿಯಬೇಕು, ಪೆಂಗ್ವಿನ್‌ನಿಂದ ಕನಿಷ್ಠ ಐದು ಮೀಟರ್ ದೂರ, ಇಪ್ಪತ್ತು ಜನರಿಗೊಬ್ಬ ಮಾರ್ಗದರ್ಶಿ.

ಈಗ ಕೂಡಿಸಿ ನೋಡಿ. ನೂರು ಜನರ ಹಡಗು ಬಂದರೆ ಎಲ್ಲರೂ ಒಟ್ಟಿಗೆ ಇಳಿದು ಬೇಕಾದಷ್ಟು ಹೊತ್ತು ಇದ್ದು ಹತ್ತುತ್ತಾರೆ. 450 ಜನರ ಹಡಗು ಬಂದರೆ ಐದು ತಂಡ. ಒಂದು ತಂಡ ಹತ್ತಿದ ಮೇಲೆ ಇನ್ನೊಂದು. ಯಾವ ಕ್ಷಣದಲ್ಲಿ ನೋಡಿದರೂ ದಡದಲ್ಲಿ ನೂರೇ ಜನ. ನಿಯಮ ಮುರಿದಿಲ್ಲ. ಆದರೆ ಆ ದಿನ ಅಲ್ಲಿನ ಪಾಚಿಯ ಮೇಲೆ ಬಿದ್ದ ಹೆಜ್ಜೆಗಳು ನಾಲ್ಕೂವರೆ ಪಟ್ಟು. ಈ ಹಡಗು ಹೋದ ಮೇಲೆ ಇನ್ನೊಂದು ಬರುತ್ತದೆ. ಹಡಗುಗಳು ಒಂದಕ್ಕೊಂದು ಕಾಣದಂತೆ ವೇಳಾಪಟ್ಟಿಯನ್ನು ನೇಯ್ದಿರುವುದರಿಂದ ಪ್ರತಿಯೊಬ್ಬ ಪ್ರವಾಸಿಗೂ ತಾನೊಬ್ಬನೇ ಬಂದೆ ಎಂಬ ಭಾವ. ಕೆಲವು ತಾಣಗಳಿಗೆ ದಿನಕ್ಕೆ ಇಷ್ಟೇ ಹಡಗು ಎಂಬ ಮಾರ್ಗಸೂಚಿ ಇದೆಯಾದರೂ ಇಡೀ ಖಂಡಕ್ಕೆ ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿ ಇಲ್ಲ. 1990ರ ದಶಕದ ಆರಂಭದಲ್ಲಿ ಋತುವೊಂದಕ್ಕೆ ಹತ್ತು ಸಾವಿರ ಮುಟ್ಟದಿದ್ದ ಸಂಖ್ಯೆ 2023–24ರಲ್ಲಿ 1,20,000 ದಾಟಿದ್ದು ಈ ನಿಯಮಗಳನ್ನೆಲ್ಲ ಪಾಲಿಸಿಕೊಂಡೇ.

ಜುನೋ ಪಟ್ಟಣದ್ದು ನಾಲ್ಕನೆಯ ಬಗೆ; ಅಲ್ಲಿ ತಾಳಿಕೊಳ್ಳಬೇಕಾದವರು ಮನುಷ್ಯರು. ಸುಮಾರು 32,000 ಜನರ ಊರಿಗೆ ವರ್ಷಕ್ಕೆ 16 ಲಕ್ಷಕ್ಕೂ ಹೆಚ್ಚು ಹಡಗು ಪ್ರವಾಸಿಗರು. 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಬಂತು. 2026ರಿಂದ ಹಡಗುಗಳಲ್ಲಿರುವ ಪ್ರಯಾಣಿಕರ ಹಾಸಿಗೆಗಳ ಲೆಕ್ಕ: ದಿನಕ್ಕೆ 16,000, ಶನಿವಾರ 12,000. ಶನಿವಾರ ದೊಡ್ಡ ಹಡಗೇ ಬೇಡ ಎಂಬ ಪ್ರಸ್ತಾವವನ್ನು 2024ರ ಅಕ್ಟೋಬರ್‌ನಲ್ಲಿ ಮತಕ್ಕೆ ಹಾಕಿದಾಗ ಊರಿನವರೇ ಸೋಲಿಸಿದರು. ಗದ್ದಲ ಬೇಡ, ವ್ಯಾಪಾರ ಬೇಕು. ಚಿಕ್ಕಮಗಳೂರಿನವರಿಗೆ ಈ ಇಬ್ಬಂದಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾದ, ಪ್ರತಿವಾದ

ಹಡಗು ಸಂಸ್ಥೆಗಳ ಮುಖ್ಯ ವಾದ, ಕಣ್ಣಾರೆ ನೋಡಿದವರು ಅದರ ರಕ್ಷಣೆಗೆ ನಿಲ್ಲುತ್ತಾರೆ ಎಂಬುದು. ಹಡಗಿನಲ್ಲಿ ವಿಜ್ಞಾನಿಗಳು ಉಪನ್ಯಾಸ ಕೊಡುತ್ತಾರೆ, ಪ್ರವಾಸಿಗರೇ ತಿಮಿಂಗಿಲದ ಬಾಲದ ಚಿತ್ರ ತೆಗೆದು ಸಂಶೋಧಕರಿಗೆ ಒದಗಿಸುತ್ತಾರೆ. ಇದರಲ್ಲಿ ಹುರುಳಿಲ್ಲ ಎನ್ನಲಾಗದು. ಸ್ವಂತ ಹಿತಕ್ಕಾಗಿಯಾದರೂ ಸಂಸ್ಥೆಗಳು ಸರ್ಕಾರಗಳಿಗಿಂತ ಮೊದಲೇ ನಿಯಮ ಹಾಕಿಕೊಂಡದ್ದು ದಾಖಲೆಯಲ್ಲಿದೆ.

ವಿರೋಧಿಸುವವರು ಹೊಗೆಯ ಲೆಕ್ಕ ಮುಂದಿಡುತ್ತಾರೆ. ಹಡಗು ಉಗುಳುವ ಮಸಿ ಹಿಮದ ಮೇಲೆ ಕುಳಿತರೆ ಬಿಳಿ ಮೈ ಕಪ್ಪಾಗಿ ಬಿಸಿಲನ್ನು ಹಿಂದಕ್ಕೆ ಎಸೆಯುವ ಬದಲು ಹೀರಿಕೊಳ್ಳುತ್ತದೆ. ಹಿಮ ಬೇಗ ಕರಗುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂಟಾರ್ಕ್ಟಿಕಕ್ಕೆ ಬರುವ ಪ್ರತಿ ಪ್ರವಾಸಿಯ ಪಾಲಿಗೆ ಸುಮಾರು 83 ಟನ್ ಹಿಮ ಬೇಗ ಕರಗುತ್ತದೆ ಎಂದು ಅಂದಾಜಿಸಿತು. 2011ರಿಂದ ಅಲ್ಲಿ ದಪ್ಪ ಇಂಧನತೈಲಕ್ಕೆ ನಿಷೇಧವಿರುವುದರಿಂದ ಸ್ಥಿತಿ ಮೊದಲಿಗಿಂತ ಸುಧಾರಿಸಿದೆ, ಆದರೆ ಹಡಗುಗಳ ಸಂಖ್ಯೆ ಏರಿದರೆ ಆ ಲಾಭ ಸವೆದುಹೋಗುತ್ತದೆ.

ಚಿಕ್ಕ ಹಡಗಿನ ಪಕ್ಷಪಾತಿಗಳು ಬಾಯಿಬಿಡದ ವಿಷಯ ಇಲ್ಲಿದೆ. ನೂರು ಜನರಿಗಾಗಿ ಓಡುವ ಎಂಜಿನ್ನಿನ ಹೊಗೆಯನ್ನು ತಲೆಗೆ ಹಂಚಿದರೆ ಪಾಲು ದೊಡ್ಡದೇ ಬರುತ್ತದೆ. ಬೆಂಗಳೂರಿನಿಂದ ಸಿಯಾಟಲ್‌ವರೆಗಿನ ವಿಮಾನದ ಹೊಗೆ ಅದಕ್ಕೆ ಬೇರೆ. ಒಟ್ಟಿನಲ್ಲಿ ಚಿಕ್ಕ ಹಡಗು ದಡದ ಮೇಲಿನ ತುಳಿತವನ್ನು ಕಡಿಮೆ ಮಾಡಬಲ್ಲದು, ಗಾಳಿಗೆ ಸೇರುವುದನ್ನಲ್ಲ. ಎರಡಕ್ಕೂ ಒಂದೇ ಹಸಿರು ಮುದ್ರೆ ಒತ್ತುವುದು ಮಾರಾಟದ ಜಾಣತನ.

ಇನ್ನೊಂದು ತಕರಾರು ನ್ಯಾಯದ್ದು. ಮಿತಿ ಬಿಗಿಯಾದಷ್ಟೂ ಜಾಗ ದುಬಾರಿಯಾಗುತ್ತದೆ. ಸ್ವಾಲ್ಬಾರ್ಡಿನ 200ರ ಮಿತಿ ಅಗ್ಗದ ದೊಡ್ಡ ಹಡಗುಗಳನ್ನು ಹೊರಗಿಟ್ಟು, ಹೆಚ್ಚು ಹಣ ಕೊಡುವವರನ್ನು ಒಳಗಿಟ್ಟಿತು. ಪ್ರಕೃತಿಗೆ ಲಾಭವಾಗಿರಬಹುದು; ಆದರೆ ಯಾರು ನೋಡಬೇಕು ಎಂಬುದನ್ನು ನಿರ್ಧರಿಸಿದ್ದು ಹಣದ ಚೀಲ.

ಕೈಮರದಿಂದ ಮೇಲೆ

ಈ ಎಲ್ಲ ಲೆಕ್ಕವನ್ನು ಚಿಕ್ಕಮಗಳೂರಿಗೆ ತಂದರೆ ಊರಿನ ಗೊಂದಲ ಸ್ವಲ್ಪ ತಿಳಿಯಾಗುತ್ತದೆ.

ನಮ್ಮಲ್ಲಿ ಎರಡು ಬಗೆಯ ಎಣಿಕೆ ಜೊತೆಜೊತೆಗೇ ನಡೆಯುತ್ತಿದೆ. 2024ರ ಆರಂಭದಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ಜಾತ್ರೆ ನೆರೆದು ಟೀಕೆ ಬಂದ ಮೇಲೆ ಅರಣ್ಯ ಇಲಾಖೆ ಚಾರಣ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ದಾರಿಯೊಂದಕ್ಕೆ ದಿನಕ್ಕೆ 300 ಜನ ಎಂದು ಗೊತ್ತುಮಾಡಿತು. ಇದು ತಲೆಯೆಣಿಕೆ. ಮುಳ್ಳಯ್ಯನಗಿರಿಯ ಕಡೆಗೆ ಜಿಲ್ಲಾಡಳಿತ 2025ರಲ್ಲಿ ತಂದ ಮುಂಗಡ ನೋಂದಣಿ ಎಣಿಸುವುದು ವಾಹನಗಳನ್ನು, ಪಾಳಿಯ ಪ್ರಕಾರ.

ವಾಹನ ಎಣಿಸುವುದು ತಪ್ಪೇನಲ್ಲ. ಕೈಮರದಿಂದ ಮೇಲಕ್ಕೆ ಏರುವ ಕಿರಿದಾದ ರಸ್ತೆಯಲ್ಲಿ ಎದುರು ಬದುರಾದ ಎರಡು ಟೆಂಪೊ ಟ್ರಾವೆಲರ್‌ಗಳು ಒಂದು ಕಡೆ ಗುಡ್ಡ, ಒಂದು ಕಡೆ ಪ್ರಪಾತವಿರುವಲ್ಲಿ ಹಿಂದೆ ಮುಂದೆ ಸರಿಯುವಾಗ ಹಿಂದಿನ ಅರ್ಧ ಮೈಲಿ ಸಾಲು ನಿಂತೇ ಬಿಡುತ್ತದೆ. ಆ ಕಾಯಿಲೆಗೆ ವಾಹನದ ಮಿತಿಯೇ ಔಷಧ. ರಸ್ತೆಯ ತಾಳಿಕೆಯನ್ನು ವಾಹನದಲ್ಲಿ ಅಳೆಯಬೇಕು.

ಆದರೆ 1,930 ಮೀಟರ್ ಎತ್ತರದ ಆ ಶಿಖರದ ಹುಲ್ಲುಗಾವಲಿಗೆ ವಾಹನ ಗೊತ್ತಿಲ್ಲ, ಕಾಲು ಗೊತ್ತು. ಬೈಕಿನಲ್ಲಿ ಎರಡು ಜೊತೆ ಕಾಲು, ಟೆಂಪೊ ಟ್ರಾವೆಲರ್‌ನಲ್ಲಿ ಹನ್ನೆರಡು ಜೊತೆ. ನೋಂದಣಿಯಲ್ಲಿ ಎರಡೂ ಒಂದೊಂದು ವಾಹನ. ಮೆಟ್ಟಿಲು ಬಿಟ್ಟು ಇಳಿಜಾರಿಗೆ ಇಳಿದು ರೀಲ್ಸ್ ತೆಗೆಯುವ ಹತ್ತು ಜನ ನಡೆದಲ್ಲಿ ಹುಲ್ಲು ಸವೆದು ಮಣ್ಣು ಗಟ್ಟಿಯಾಗುತ್ತದೆ. ಮಳೆನೀರು ಒಳಗಿಳಿಯದೆ ಮೇಲೆಯೇ ಹರಿದು ಕೊರಕಲು ಬೀಳುತ್ತದೆ. ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಜೋಡಿ ಸ್ಪಂಜಿನಂತೆ ನೀರು ಹಿಡಿದಿಟ್ಟು ಬೇಸಿಗೆಯವರೆಗೂ ಬಿಡುವುದರಿಂದಲೇ ಈ ಸಾಲಿನ ಹಳ್ಳಗಳು ಬದುಕಿವೆ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟಿ ಬೇಲೂರಿನ ಕಡೆ ಹರಿಯುವ ಯಗಚಿಯೂ ಈ ಬೆಟ್ಟಗಳ ಕೂಸೇ. ಇಲ್ಲಿನ ಕೊರಕಲಿನ ಮಣ್ಣು ಹಾಸನ ಜಿಲ್ಲೆಗೆ ಸಂಬಂಧಪಡದ ವಿಷಯವಲ್ಲ. 2022ರಲ್ಲಿ ಕುರಿಂಜಿ ಅರಳಿದಾಗ ಬಂದ ಜನ ಹೂವಿನ ನಡುವೆಯೇ ದಾರಿ ಮಾಡಿಕೊಂಡು ನಿಂತ ಚಿತ್ರಗಳು ಹಲವರ ಮೊಬೈಲಿನಲ್ಲಿ ಇನ್ನೂ ಇರಬಹುದು.

ಪಾಳಿ ಪದ್ಧತಿಗೂ ಅಂಟಾರ್ಕ್ಟಿಕದ ಅದೇ ತೂತಿದೆ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಹಂಚಿದರೆ ಒಂದು ಹೊತ್ತಿನ ದಟ್ಟಣೆ ಇಳಿಯುತ್ತದೆ, ದಿನದ ಹೆಜ್ಜೆಗಳ ಮೊತ್ತ ಇಳಿಯಬೇಕೆಂದಿಲ್ಲ. ಬೆಳಗಿನವರು ಇಳಿಯುವ ಮೊದಲೇ ಮಧ್ಯಾಹ್ನದವರು ಹತ್ತಿದರೆ ದಟ್ಟಣೆಯೂ ಇಳಿಯುವುದಿಲ್ಲ. ಹಡಗಿನಲ್ಲಿ ಈ ಸಮಸ್ಯೆ ಇಲ್ಲ: ದಡದಿಂದ ಹತ್ತಿದವರ ಗುರುತುಚೀಟಿ ತೋರಿಸಿದ ಮೇಲೆಯೇ ಮುಂದಿನ ತಂಡ ದೋಣಿಗೆ ಇಳಿಯುತ್ತದೆ. ಒಳಗೆ ಹೋದವರನ್ನಷ್ಟೇ ಎಣಿಸಿ ಹೊರಬಂದವರನ್ನು ಎಣಿಸದಿದ್ದರೆ ಅದು ಅರ್ಧ ಲೆಕ್ಕ.

ಮುಂದೆ ಆಗಬಹುದಾದದ್ದು

ಅಲಾಸ್ಕದಲ್ಲಿ ಹಡಗುಗಳ ದಾರಿ ಇನ್ನೂ ಬದಲಾಗುತ್ತದೆ. ಟ್ರೇಸಿ ಆರ್ಮ್ ಕುಸಿಯುವ ಹಿಂದಿನ ದಿನದಿಂದಲೇ ಸಣ್ಣ ಕಂಪನಗಳು ದಾಖಲಾಗಿದ್ದವು, ಅವುಗಳ ಅರ್ಥ ಹೊಳೆದದ್ದು ಗುಡ್ಡ ಬಿದ್ದ ಮೇಲೆ. ಅಂಥ ಸೂಚನೆಯನ್ನು ಮುಂಚೆಯೇ ಓದುವ ವ್ಯವಸ್ಥೆ ಬಂದರೆ ಹಡಗನ್ನು ಅರ್ಧದಾರಿಯಲ್ಲಿ ತಿರುಗಿಸುವುದು ಸಾಮಾನ್ಯವಾಗುತ್ತದೆ. ಹಾಗೆ ತಿರುಗಿಸಿದರೆ ಹಣ ಮರಳಿ ಕೊಡಬೇಕಾಗಿಲ್ಲ ಎಂಬ ಷರತ್ತು ಬಹುತೇಕ ಟಿಕೆಟ್‌ಗಳ ಸಣ್ಣ ಅಕ್ಷರದಲ್ಲಿರುತ್ತದೆ. ಮುಂಗಡ ಕಟ್ಟುವ ಮೊದಲು ಅದನ್ನು ಓದಿಕೊಳ್ಳುವುದು ಲೇಸು. ಜೊತೆಗೆ ಕೇಳಬೇಕಾದದ್ದು ಹಡಗಿನಲ್ಲಿ ಎಷ್ಟು ಜನ ಎಂದಷ್ಟೇ ಅಲ್ಲ. ದಡಕ್ಕೆ ಎಷ್ಟು ತಂಡಗಳಲ್ಲಿ ಇಳಿಸುತ್ತೀರಿ, ಸೀಲ್‌ಗಳಿಂದ ಎಷ್ಟು ದೂರ ನಿಲ್ಲುತ್ತೀರಿ, ಯಾವ ಇಂಧನ ಸುಡುತ್ತೀರಿ ಎಂಬುದು.

ಚಿಕ್ಕಮಗಳೂರಿನಲ್ಲಿ ಮಿತಿಯ ಮೊದಲ ಪರಿಣಾಮ ಪಕ್ಕದ ಬೆಟ್ಟಗಳ ಮೇಲೆ ಬೀಳುತ್ತದೆ. ಮುಳ್ಳಯ್ಯನಗಿರಿಗೆ ಚೀಟಿ ಸಿಗದ ಕಾರು ಬೆಂಗಳೂರಿಗೆ ವಾಪಸಾಗುವುದಿಲ್ಲ. ಹೋಂಸ್ಟೇ ಮಾಲೀಕರು ಹೇಳಿದ ಇನ್ನೊಂದು ಗುಡ್ಡದ ಕಡೆ ತಿರುಗುತ್ತದೆ. ಟ್ರೇಸಿ ಆರ್ಮ್‌ನ ಹಡಗುಗಳು ಎಂಡಿಕಾಟ್‌ಗೆ ತಿರುಗಿದ ಹಾಗೆಯೇ. ಆ ಗುಡ್ಡಗಳಲ್ಲಿ ಹಲವಕ್ಕೆ ಗೇಟೂ ಇಲ್ಲ, ಎಣಿಸುವವರೂ ಇಲ್ಲ. ಸ್ಥಳೀಯ ಜೀಪು ಚಾಲಕರಿಗೆ ಮಿತಿಯೊಳಗೆ ಎಷ್ಟು ಪಾಲು, ಮೇಲಿನ ಹಳ್ಳಿಗಳಿಗೆ ದಿನವೂ ಓಡಾಡುವವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬ ಜಗಳವೂ ಬಾಕಿ ಇದೆ. ವಾರಾಂತ್ಯದ ಚೀಟಿಗೆ ಬೇಡಿಕೆ ಹೆಚ್ಚಿದಂತೆ ಶುಲ್ಕ ಏರಿಸುವ ಆಸೆಯೂ ಹುಟ್ಟುತ್ತದೆ. ಆಗ ಸ್ವಾಲ್ಬಾರ್ಡಿನ ಹಣದ ಚೀಲದ ಪ್ರಶ್ನೆ ಕೈಮರದ ತನಿಖಾ ಠಾಣೆಗೂ ಬಂದು ನಿಲ್ಲುತ್ತದೆ. ಅಷ್ಟರೊಳಗೆ ಅಲ್ಲಿ ಚೀಟಿ ನೋಡುವ ಸಿಬ್ಬಂದಿಗೆ, ಮೇಲೆ ಮುಳ್ಳಯ್ಯನಗಿರಿಯ ದಾರಿಯಲ್ಲಿರುವ ಸೀತಾಳಯ್ಯನಗಿರಿಯಲ್ಲಿ ಈ ಕ್ಷಣ ಎಷ್ಟು ಜನರಿದ್ದಾರೆ ಎಂಬುದು ಗೊತ್ತಾಗುವಂತಿರಬೇಕು.